ಗೌಟ್ ರೋಗವನ್ನು ಗುರುತಿಸುವ ಬಗೆ

ನಮ್ಮ ವಾಚನಾಲಯಕ್ಕೆ ಸಂಜೆಯ ಹೊತ್ತು ಬಂದು ಪತ್ರಿಕೆಗಳನ್ನು ಓದಿ ಹೋಗುವ ಮಿತ್ರರಲ್ಲಿ ಹೋಟೆಲಿನ ಅಡುಗೆಮನೆಯಲ್ಲಿ ದುಡಿಯುವವರೊಬ್ಬರಿದ್ದಾರೆ. ಹೆಸರು ಬೇಡ. ಅವರ ಒಪ್ಪಿಗೆ ಪಡೆದೇ ಅವರ ಸಂಗತಿಯನ್ನು ಇಲ್ಲಿ ಬರೆಯುತ್ತಿದ್ದೇವೆ.

ಆರು ವರ್ಷಗಳ ಹಿಂದಿನ ಮಾತು. ಆಗ ಅವರಿಗೆ ಮೂವತ್ತೆಂಟರ ಪ್ರಾಯ. ನಾವೂ ಅವರೂ ಬಾಂದ್ರಾ ಪೂರ್ವದ ಒಂದೇ ಖೋಲಿಯಲ್ಲಿದ್ದೆವು. ರಾತ್ರಿ ಹನ್ನೊಂದರವರೆಗೆ ಭಟ್ಟಿಯ ಮುಂದೆ ನಿಂತು, ಎಂದಿನಂತೆ ಉಂಡು, ಸುಖವಾಗಿ ಮಲಗಿದ ಮನುಷ್ಯ ಎರಡು ಗಂಟೆಯ ಸುಮಾರಿಗೆ ಚೀರಿ ಎದ್ದರು. ದೀಪ ಹಾಕಿ ನೋಡಿದರೆ ಬಲಗಾಲಿನ ಹೆಬ್ಬೆರಳಿನ ಬುಡ ಕೆಂಪೇರಿ ಊದಿಕೊಂಡಿತ್ತು. ಮುಟ್ಟಗೊಡಲಿಲ್ಲ. ಹೊದಿಕೆಯ ತುದಿ ತಾಗಿದರೂ ಕಣ್ಣಲ್ಲಿ ನೀರು. "ಅಣ್ಣಾ, ಇಲಿ ಕಚ್ಚಿರಬೇಕು" ಎಂದ ಒಬ್ಬ. ಕಾಲು ಉಳುಕಿದೆ ಎಂದ ಇನ್ನೊಬ್ಬ. ಎಣ್ಣೆ ಬಿಸಿಮಾಡಿ ಚೆನ್ನಾಗಿ ತಿಕ್ಕಬೇಕೆಂದು ಹೇಳಿ, ಸ್ವತಃ ತಿಕ್ಕಲು ಕುಳಿತವರು ನಾವೇ. ಅದರಿಂದ ನೋವು ಇಮ್ಮಡಿಯಾಯಿತು. ಬೆಳಿಗ್ಗೆ ಔಷಧಿ ಅಂಗಡಿಯಿಂದ ನೋವಿನ ಮಾತ್ರೆ ತಂದುಕೊಟ್ಟವರೂ ನಾವೇ. ಎಂಟು ದಿನಗಳಲ್ಲಿ ಕಾಲು ಮೊದಲಿನಂತಾಯಿತು. ಎಲ್ಲರೂ ಮರೆತೆವು.

ಏಳೆಂಟು ತಿಂಗಳ ಮೇಲೆ ಅದೇ ಬೆರಳು ಮತ್ತೆ ಊದಿತು. ಮರುವರ್ಷ ಎರಡು ಸಲ. ಆಮೇಲೆ ಹರಡು, ಮೊಣಕಾಲು. ಪ್ರತಿ ಸಲವೂ ಅದೇ ಮಾತ್ರೆ, ಪ್ರತಿ ಸಲವೂ ವಾರದಲ್ಲಿ ಗುಣ. "ಇದು ಕುಡುಕರಿಗೆ ಬರುವ ಕಾಯಿಲೆ" ಎಂದು ಯಾರೋ ಆಡಿದ ಮಾತು ಕೆಲಸದ ಜಾಗಕ್ಕೂ ಮುಟ್ಟಿತು. ಬಾಟಲಿಯನ್ನು ಮುಟ್ಟದ ಮನುಷ್ಯ ನಾಚಿ, ನೋವನ್ನು ಬಚ್ಚಿಟ್ಟುಕೊಂಡು, ಮಾತ್ರೆಯ ಪ್ರಮಾಣ ಹೆಚ್ಚಿಸಿಕೊಂಡು ಕೆಲಸಕ್ಕೆ ನಿಂತರು. ಊರಿಗೆ ಬರೆದ ಸುದ್ದಿಯಲ್ಲಿ ಎಲ್ಲವೂ ಕ್ಷೇಮ. ಹೋದ ವರ್ಷ ಮುಖ ಊದಿ, ಊಟ ಸೇರದೆ ಆಸ್ಪತ್ರೆಗೆ ಹೋದಾಗ ಡಾಕ್ಟರರು ರಕ್ತ ಪರೀಕ್ಷಿಸಿ ಕೇಳಿದ ಮೊದಲ ಪ್ರಶ್ನೆ: "ಈ ನೋವಿನ ಮಾತ್ರೆಯನ್ನು ಎಷ್ಟು ವರ್ಷಗಳಿಂದ ನುಂಗುತ್ತಿದ್ದೀರಿ?" ಮೂತ್ರಪಿಂಡಗಳ ಶಕ್ತಿ ಅರ್ಧಕ್ಕೆ ಇಳಿದಿತ್ತು. ಅವರಿಗಿದ್ದ ರೋಗದ ಹೆಸರು ಗೌಟ್ ಎಂಬುದು ಅವರಿಗೂ ನಮಗೂ ತಿಳಿದದ್ದು ಅಂದೇ.

ಮೊದಲ ವರ್ಷವೇ ತಿಳಿದಿದ್ದರೆ ದಿನಕ್ಕೊಂದು ಅಗ್ಗದ ಮಾತ್ರೆಯಿಂದ ತಡೆಯಬಹುದಾಗಿದ್ದ ರೋಗವಿದು. ಆದುದರಿಂದಲೇ ಈ ಪಾಠ.

ರೋಗವೆಂದರೇನು?

ನಮ್ಮ ದೇಹದ ಜೀವಕೋಶಗಳು ದಿನವೂ ಸವೆದು ಹೊಸದಾಗುತ್ತಿರುತ್ತವೆ. ಹಳೆಯ ಕೋಶಗಳೂ ನಾವು ತಿಂದ ಕೆಲವು ಪದಾರ್ಥಗಳೂ ಒಡೆದಾಗ ಪ್ಯೂರಿನ್ ಎಂಬ ವಸ್ತು ಹೊರಬೀಳುತ್ತದೆ. ಅದರಿಂದ ಕೊನೆಗೆ ಉಳಿಯುವ ಕಸವೇ ಯೂರಿಕ್ ಆಮ್ಲ. ಆಡುಮಾತಿನಲ್ಲಿ ಎಲ್ಲರೂ ಹೇಳುವ ಯೂರಿಕ್ ಆಸಿಡ್ ಇದೇ. ಹೆಚ್ಚಿನ ಪ್ರಾಣಿಗಳ ದೇಹದಲ್ಲಿ ಇದನ್ನು ಇನ್ನಷ್ಟು ಒಡೆದು ಹೊರಹಾಕುವ ಕಿಣ್ವವಿದೆ, ಮನುಷ್ಯನಲ್ಲಿ ಅದಿಲ್ಲ. ಆದ್ದರಿಂದ ನಮ್ಮಲ್ಲಿ ಇದರ ಮೂರರಲ್ಲಿ ಎರಡು ಪಾಲನ್ನು ಮೂತ್ರಪಿಂಡಗಳೂ ಉಳಿದದ್ದನ್ನು ಕರುಳೂ ಹೊರಕ್ಕೆ ಸಾಗಿಸಬೇಕು. ಸಾಗಿಸುವ ಕೆಲಸ ನಿಧಾನವಾದರೆ ರಕ್ತದಲ್ಲಿ ಅದು ಏರುತ್ತದೆ.

ಅಡುಗೆ ಬಲ್ಲವರಿಗೆ ಮುಂದಿನದು ಸುಲಭವಾಗಿ ತಿಳಿಯುತ್ತದೆ. ಸಕ್ಕರೆಪಾಕ ಬಿಸಿಯಾಗಿರುವಾಗ ತಿಳಿಯಾಗಿರುತ್ತದೆ. ಪಾಕ ಗಟ್ಟಿಯಾಗಿದ್ದು ಆರಿದರೆ ಸಕ್ಕರೆ ಹರಳುಗಟ್ಟುತ್ತದೆ. ರಕ್ತದಲ್ಲಿಯೂ ಹಾಗೆಯೇ. ನೂರು ಮಿಲಿಲೀಟರ್ ರಕ್ತದಲ್ಲಿ ಸುಮಾರು ೬.೮ ಮಿಲಿಗ್ರಾಂವರೆಗೆ ಇದು ಕರಗಿರಬಲ್ಲದು. ಅದನ್ನು ಮೀರಿ ವರ್ಷಗಟ್ಟಲೆ ನಿಂತರೆ ಸೂಜಿಯಂಥ ಸಣ್ಣ ಹರಳುಗಳಾಗಿ ಕೀಲುಗಳಲ್ಲಿ ಕೂಡತೊಡಗುತ್ತದೆ. ಕಾಲಿನ ಬೆರಳು ದೇಹದ ಒಳಭಾಗಕ್ಕಿಂತ ತಣ್ಣಗಿರುವುದರಿಂದ ಹರಳುಗಟ್ಟುವುದಕ್ಕೆ ಅದು ಅನುಕೂಲವಾದ ಜಾಗವೆಂದು ವೈದ್ಯರು ವಿವರಿಸುತ್ತಾರೆ. ಹರಳುಗಳು ಬಹುಕಾಲ ಸುಮ್ಮನಿರುವುದುಂಟು. ಒಂದು ದಿನ ರಕ್ತದ ಬಿಳಿಯ ಕಣಗಳು ಅವನ್ನು ಶತ್ರುವೆಂದು ಭಾವಿಸಿ ಮುತ್ತುತ್ತವೆ. ಆ ಕಾಳಗದ ಉರಿಯೇ ನಾವು ಕಾಣುವ ಬಾವು, ಕೆಂಪು, ಯಾತನೆ.

ಹಳೆಯ ರೋಗ, ಹಳೆಯ ತಪ್ಪು ತಿಳಿವಳಿಕೆ

ನಮ್ಮ ಆಯುರ್ವೇದ ಗ್ರಂಥಗಳು ವಾತರಕ್ತ ಎಂಬ ರೋಗವನ್ನು ವರ್ಣಿಸಿವೆ. ಅದು ಪಾದಗಳ ಮೂಲದಲ್ಲಿ, ಕೆಲವೊಮ್ಮೆ ಕೈಗಳಲ್ಲಿ, ನೆಲೆ ನಿಂತು ಇಲಿಯ ವಿಷದಂತೆ ಮೆಲ್ಲಗೆ ಮೈಗೆಲ್ಲ ಹಬ್ಬುತ್ತದೆಂದು ಸುಶ್ರುತ ಸಂಹಿತೆ ಹೇಳುತ್ತದೆ. ನಮ್ಮ ಖೋಲಿಯವರು ಇಲಿಯ ಹೆಸರೆತ್ತಿದ್ದು ನೆನಪಾಗಿ ಈಗ ಸೋಜಿಗವೆನಿಸುತ್ತದೆ. ವಾತರಕ್ತದ ವರ್ಣನೆಯಲ್ಲಿ ಇತರ ಕೀಲುರೋಗಗಳ ಲಕ್ಷಣಗಳೂ ಬೆರೆತಿವೆಯಾದರೂ ಗೌಟಿನ ಗುರುತು ಅದರಲ್ಲಿ ಸ್ಪಷ್ಟ. ಚರಕ ಸಂಹಿತೆ ಇದಕ್ಕೆ ಆಢ್ಯವಾತವೆಂಬ ಇನ್ನೊಂದು ಹೆಸರನ್ನೂ ಕೊಡುತ್ತದೆ. ಆಢ್ಯನೆಂದರೆ ಸಿರಿವಂತ. ಪಶ್ಚಿಮ ದೇಶಗಳಲ್ಲಿಯೂ ಇದನ್ನು ಅರಸರ ರೋಗವೆಂದೇ ಕರೆದರು. ಅಮೆರಿಕದ ಮುತ್ಸದ್ದಿ ಬೆಂಜಮಿನ್ ಫ್ರಾಂಕ್ಲಿನ್ ೧೭೮೦ರಲ್ಲಿ ತನಗೂ ತನ್ನ ಗೌಟಿಗೂ ನಡೆದ ಸಂವಾದವೆಂದು ಒಂದು ವಿನೋದ ಬರಹವನ್ನೇ ಬರೆದ.

ಇಂಗ್ಲೆಂಡಿನ ವೈದ್ಯ ಥಾಮಸ್ ಸಿಡೆನ್‌ಹ್ಯಾಮ್ ತಾನೇ ಈ ರೋಗದಿಂದ ನರಳಿದವನು. ಅವನು ೧೬೮೩ರಲ್ಲಿ ಪ್ರಕಟಿಸಿದ ವರ್ಣನೆಯಲ್ಲಿ ರೋಗಿ ಆರೋಗ್ಯವಾಗಿಯೇ ಮಲಗುತ್ತಾನೆ. ರಾತ್ರಿ ಎರಡರ ಸುಮಾರಿಗೆ ಹೆಬ್ಬೆರಳಿನ ನೋವು ಅವನನ್ನು ಎಬ್ಬಿಸುತ್ತದೆ. ಹೊದಿಕೆಯ ಭಾರವನ್ನೂ ಅವನು ತಾಳಲಾರ. ಮುನ್ನೂರು ವರ್ಷಗಳಾಚೆ ಬಾಂದ್ರಾದ ಖೋಲಿಯಲ್ಲಿ ನಾವು ಕಂಡದ್ದು ಇದನ್ನೇ.

ಆದರೆ ಇದು ಸಿರಿವಂತರ ಸೊತ್ತೂ ಅಲ್ಲ, ಕುಡುಕರ ಸೊತ್ತೂ ಅಲ್ಲ. ದೇಹದ ಯೂರಿಕ್ ಆಮ್ಲದಲ್ಲಿ ಹೆಚ್ಚಿನ ಪಾಲು ನಮ್ಮದೇ ಜೀವಕೋಶಗಳಿಂದ ಬಂದದ್ದು. ಆಹಾರದಿಂದ ಬರುವುದು ಸುಮಾರು ಮೂರರಲ್ಲೊಂದು ಪಾಲು ಮಾತ್ರ. ಅದನ್ನು ಹೊರಹಾಕುವ ಮೂತ್ರಪಿಂಡದ ಶಕ್ತಿ ಬಹುಮಟ್ಟಿಗೆ ತಂದೆತಾಯಿಗಳಿಂದ ಬರುವಂಥದು. ಮದ್ಯ ಮುಟ್ಟದ, ಮಾಂಸ ತಿನ್ನದ ಮನುಷ್ಯನಿಗೂ ಗೌಟ್ ಬರಬಹುದು. ನಾಚಿಕೆಯಿಂದ ಬಚ್ಚಿಡುವ ಕಾರಣವೇ ಇಲ್ಲ.

ಯಾರಿಗೆ ಹೆಚ್ಚು?

ಮೂವತ್ತು ದಾಟಿದ ಗಂಡಸರಿಗೆ ಹೆಚ್ಚು. ಹೆಂಗಸರಿಗೆ ಮುಟ್ಟು ನಿಲ್ಲುವ ಮೊದಲು ಬರುವುದು ಅಪರೂಪ, ಆಮೇಲೆ ಬರಬಹುದು. ಗ್ರೀಕ್ ವೈದ್ಯ ಹಿಪೊಕ್ರೇಟಿಸನ ಹೆಸರಿನಲ್ಲಿರುವ ಪ್ರಾಚೀನ ಸೂತ್ರಗಳಲ್ಲಿಯೇ ಈ ಮಾತಿದೆ. ತಂದೆಗೋ ಅಣ್ಣತಮ್ಮಂದಿರಿಗೋ ಇದ್ದವರು, ಹೊಟ್ಟೆ ಬೆಳೆದವರು, ರಕ್ತದೊತ್ತಡ, ಸಕ್ಕರೆ ಕಾಯಿಲೆ, ಮೂತ್ರಪಿಂಡದ ರೋಗ ಇದ್ದವರು ಎಚ್ಚರದಿಂದಿರಬೇಕು. ರಕ್ತದೊತ್ತಡಕ್ಕೆಂದು ಕೊಡುವ, ಮೂತ್ರ ಹೆಚ್ಚಿಸುವ ಕೆಲವು ಮಾತ್ರೆಗಳು ಯೂರಿಕ್ ಆಮ್ಲವನ್ನು ಏರಿಸುತ್ತವೆ. ಊರಿನಲ್ಲಿರುವ ತಾಯಂದಿರಿಗೆ ಗೌಟ್ ಕಂಡರೆ ಅವರು ಯಾವ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆಂದು ಡಾಕ್ಟರರಿಗೆ ತೋರಿಸಬೇಕು.

ಮುಂಬಯಿಯಲ್ಲಿ ಇನ್ನೊಂದು ಮಾತು ಮುಖ್ಯ. ಕ್ಷಯರೋಗದ ಚಿಕಿತ್ಸೆಯ ಮೊದಲ ತಿಂಗಳುಗಳಲ್ಲಿ ಕೊಡುವ ಪಿರಾಜಿನಮೈಡ್ ಎಂಬ ಔಷಧಿ ಯೂರಿಕ್ ಆಮ್ಲವನ್ನು ಏರಿಸಿ ಕೀಲುನೋವು ತರುವುದುಂಟು. ಅದಕ್ಕೆ ಹೆದರಿ ಕ್ಷಯದ ಮಾತ್ರೆಯನ್ನು ತಾವಾಗಿ ನಿಲ್ಲಿಸತಕ್ಕದ್ದಲ್ಲ. ಮಾತ್ರೆ ಕೊಟ್ಟ ಕಡೆಯೇ ಹೋಗಿ ಹೇಳಬೇಕು. ಹೃದಯಕ್ಕೆಂದು ಕೊಟ್ಟ ಸಣ್ಣ ಪ್ರಮಾಣದ ಆಸ್ಪಿರಿನ್ನಿನ ವಿಷಯದಲ್ಲಿಯೂ ಇದೇ ನಿಯಮ.

ಲಕ್ಷಣಗಳು

ಮೊದಲ ಹಂತದಲ್ಲಿ ಯಾವ ಲಕ್ಷಣವೂ ಇಲ್ಲ. ರಕ್ತದಲ್ಲಿ ಯೂರಿಕ್ ಆಮ್ಲ ಏರಿರುತ್ತದೆ, ಅಷ್ಟೆ. ಇಂಥವರಲ್ಲಿ ಹೆಚ್ಚಿನವರಿಗೆ ಗೌಟ್ ಎಂದೂ ಬರುವುದಿಲ್ಲ. ಪರೀಕ್ಷೆಯ ಕಾಗದದಲ್ಲಿ ಅಂಕಿ ಮೇಲಿದೆ ಎಂಬ ಒಂದೇ ಕಾರಣಕ್ಕೆ ಸಾಮಾನ್ಯವಾಗಿ ಮಾತ್ರೆ ಬೇಕಾಗುವುದಿಲ್ಲ.

ಎರಡನೆಯದು ಆಕ್ರಮಣದ ಹಂತ. ಇದನ್ನು ಗುರುತಿಸುವ ಚಿಹ್ನೆಗಳು ಇವು. ನೋವು ಹಠಾತ್ತಾಗಿ, ಹೆಚ್ಚಾಗಿ ರಾತ್ರಿ ಅಥವಾ ಬೆಳಗಿನ ಜಾವ, ತೊಡಗುತ್ತದೆ. ಒಂದು ಹಗಲು ಒಂದು ರಾತ್ರಿಯೊಳಗೆ ಪರಮಾವಧಿಗೇರುತ್ತದೆ. ಸಾಮಾನ್ಯವಾಗಿ ಮೊದಲ ಸಲ ಒಂದೇ ಕೀಲಿಗೆ ಬರುತ್ತದೆ. ಸುಮಾರು ಅರ್ಧದಷ್ಟು ಮಂದಿಗೆ ಅದು ಕಾಲಿನ ಹೆಬ್ಬೆರಳಿನ ಬುಡದ ಕೀಲು. ಉಳಿದವರಿಗೆ ಪಾದದ ನಡುಭಾಗ, ಹರಡು, ಮೊಣಕಾಲು, ಮಣಿಕಟ್ಟು, ಮೊಣಕೈ, ಕೈಬೆರಳು. ಕೀಲು ಕೆಂಪಾಗಿ, ಬಿಸಿಯಾಗಿ, ಚರ್ಮ ಬಿಗಿದು ಹೊಳೆಯುತ್ತದೆ. ಬಟ್ಟೆ ತಾಗುವುದನ್ನೂ ಸಹಿಸಲಾಗುವುದಿಲ್ಲ. ಸ್ವಲ್ಪ ಜ್ವರವೂ ಬರಬಹುದು. ಔಷಧಿ ಇಲ್ಲದೆಯೂ ಒಂದೆರಡು ವಾರಗಳಲ್ಲಿ ತಾನಾಗಿ ಇಳಿಯುತ್ತದೆ. ಇಳಿಯುವಾಗ ಮೇಲಿನ ಚರ್ಮ ತುರಿಸಿ ಸುಲಿಯುವುದುಂಟು.

ಮೂರನೆಯದು ನಡುವಣ ವಿರಾಮ. ತಿಂಗಳುಗಳೋ ವರ್ಷಗಳೋ ಏನೂ ಇಲ್ಲ. ಓಡಿ ಲೋಕಲ್ ಹಿಡಿಯಬಹುದು, ಮೂಟೆ ಹೊರಬಹುದು. ಗೌಟ್ ಜನರನ್ನು ವಂಚಿಸುವುದು ಇಲ್ಲಿಯೇ. ಬೇರೆ ರೋಗಗಳು ಗುಣವಾದಾಗ ನೋವು ಹೋಗುತ್ತದೆ. ಇದು ಗುಣವಾಗದೆಯೇ ನೋವು ಹೋಗುತ್ತದೆ. ಎಣ್ಣೆ ಹಚ್ಚಿದವನು ಎಣ್ಣೆಯಿಂದ ವಾಸಿಯಾಯಿತೆನ್ನುತ್ತಾನೆ, ತಾಯಿತ ಕಟ್ಟಿದವನು ತಾಯಿತದಿಂದ ಎನ್ನುತ್ತಾನೆ. ಒಳಗೆ ಹರಳುಗಳು ಹಾಗೆಯೇ ಕುಳಿತು ಹೆಚ್ಚುತ್ತಿರುತ್ತವೆ.

ನಾಲ್ಕನೆಯದು ಉಪೇಕ್ಷಿಸಿದವರಿಗೆ ವರ್ಷಗಳ ಮೇಲೆ ಬರುವ ಹಂತ. ಕಿವಿಯ ಅಂಚು, ಮೊಣಕೈ, ಬೆರಳುಗಳ ಗಿಣ್ಣು, ಹಿಮ್ಮಡಿಯ ಮೇಲಿನ ನರದಲ್ಲಿ ಗಂಟುಗಳೇಳುತ್ತವೆ. ಒಡೆದರೆ ಸುಣ್ಣದಂಥ ಬಿಳಿಯ ವಸ್ತು ಹೊರಬರುತ್ತದೆ. ಕೀಲುಗಳು ಸವೆದು ಸೊಟ್ಟಗಾಗುತ್ತವೆ. ಮೂತ್ರಪಿಂಡಗಳಲ್ಲಿ ಕಲ್ಲು ಬೆಳೆಯಬಹುದು.

ಯಾವುದು ಗೌಟ್ ಅಲ್ಲ?

ನೋಯುವ ಮಂಡಿಗಳೆಲ್ಲ ಗೌಟ್ ಅಲ್ಲ. ೧೯೯೬ರಲ್ಲಿ ಪುಣೆಯ ಕಡೆಯ ಭಿಗ್ವಣ್ ಎಂಬ ಹಳ್ಳಿಯಲ್ಲಿ ಮನೆಮನೆಗೆ ಹೋಗಿ ಮೈಕೈ ನೋವಿನ ಸಮೀಕ್ಷೆ ನಡೆಸಿದರು. ನೋವು ಹೇಳಿದವರು ಬಹಳ, ಅವರಲ್ಲಿ ಗೌಟ್ ಇದ್ದವರು ಕೆಲವರೇ. ಆದುದರಿಂದ ಭೇದ ತಿಳಿದಿರಬೇಕು.

ದಿನವೆಲ್ಲ ನಿಂತು ದುಡಿದವರ ಮೊಣಕಾಲು ಸವೆದು ಬರುವ ನೋವು ಮೆಲ್ಲಮೆಲ್ಲನೆ ವರ್ಷಗಳಲ್ಲಿ ಬೆಳೆಯುತ್ತದೆ. ಮೆಟ್ಟಿಲು ಹತ್ತಿದರೆ ಹೆಚ್ಚು, ಕೂತರೆ ಕಡಿಮೆ. ಆಮವಾತವೆಂದು ಸಾಮಾನ್ಯವಾಗಿ ಕರೆಯುವ ರೋಗ ಎರಡೂ ಕೈಗಳ ಸಣ್ಣ ಕೀಲುಗಳನ್ನು ಒಟ್ಟಿಗೆ ಹಿಡಿಯುತ್ತದೆ, ಬೆಳಿಗ್ಗೆ ಎದ್ದಾಗ ಬೆರಳು ಬಹಳ ಹೊತ್ತು ಬಿಗಿದಿರುತ್ತವೆ, ಹೆಂಗಸರಲ್ಲಿ ಹೆಚ್ಚು. ಮಳೆಗಾಲದ ಚಿಕುನ್‌ಗುನ್ಯಾದಲ್ಲಿ ಮೊದಲು ಜೋರು ಜ್ವರ, ಜೊತೆಗೇ ಹಲವು ಕೀಲುಗಳ ನೋವು.

ಇವೆಲ್ಲಕ್ಕಿಂತ ಅಪಾಯದ್ದು ಕೀಲಿನೊಳಗೆ ಕೀವಾಗುವ ರೋಗ. ಅದೂ ಗೌಟಿನಂತೆಯೇ ಒಂದೇ ಕೀಲು ಕೆಂಪಾಗಿ ಊದುತ್ತದೆ. ಚಳಿಜ್ವರವಿದ್ದರೆ, ಕೀಲನ್ನು ಅಲುಗಾಡಿಸಲೇ ಆಗದಿದ್ದರೆ, ಹತ್ತಿರದಲ್ಲಿ ಗಾಯವಿದ್ದರೆ, ರೋಗಿಗೆ ಸಕ್ಕರೆ ಕಾಯಿಲೆಯಿದ್ದರೆ ಅದೇ ದಿನ ಆಸ್ಪತ್ರೆಗೆ ಹೋಗಬೇಕು. ತಡಮಾಡಿದರೆ ಕೀಲೂ ಹೋಗಬಹುದು, ಜೀವಕ್ಕೂ ಅಪಾಯ. ಮೊದಲ ಸಲ ಊದಿದ ಕೀಲನ್ನು ಡಾಕ್ಟರರಿಗೆ ತೋರಿಸದೆ ಗೌಟ್ ಎಂದು ನಾವೇ ನಿರ್ಧರಿಸಬಾರದು.

ಪರೀಕ್ಷೆ

ನಿಸ್ಸಂದೇಹವಾದ ಪರೀಕ್ಷೆಯೆಂದರೆ ಊದಿದ ಕೀಲಿನಿಂದ ಸೂಜಿಯಲ್ಲಿ ದ್ರವ ತೆಗೆದು ಸೂಕ್ಷ್ಮದರ್ಶಕದಲ್ಲಿ ಹರಳನ್ನು ಕಾಣುವುದು. ೧೯೬೧ರಲ್ಲಿ ಅಮೆರಿಕದ ಮೆಕಾರ್ಟಿ ಮತ್ತು ಹೊಲ್ಯಾಂಡರ್ ಎಂಬ ವೈದ್ಯರು ಈ ವಿಧಾನವನ್ನು ತೋರಿಸಿಕೊಟ್ಟರು. ಎಲ್ಲ ಕಡೆ ಇದನ್ನು ಮಾಡುವುದಿಲ್ಲ. ಆಗ ಲಕ್ಷಣ, ರಕ್ತ ಪರೀಕ್ಷೆ, ಬೇಕಾದರೆ ಎಕ್ಸ್‌ರೇ ಅಥವಾ ಸೋನೋಗ್ರಫಿ ನೋಡಿ ನಿರ್ಣಯಿಸುತ್ತಾರೆ.

ರಕ್ತ ಪರೀಕ್ಷೆಯಲ್ಲಿ ಒಂದು ಎಡವುಗಲ್ಲಿದೆ. ಆಕ್ರಮಣದ ದಿನಗಳಲ್ಲಿ ರಕ್ತದ ಯೂರಿಕ್ ಆಮ್ಲ ತಾತ್ಕಾಲಿಕವಾಗಿ ಇಳಿದು ಸರಿಯಾಗಿರುವಂತೆ ಕಾಣಬಹುದು. "ನಾರ್ಮಲ್ ಬಂತು, ಹಾಗಾದರೆ ಗೌಟ್ ಅಲ್ಲ" ಎಂದು ಕಾಗದ ಹರಿದೊಗೆದವರುಂಟು. ನೋವು ಇಳಿದು ಎರಡು ಮೂರು ವಾರಗಳ ಮೇಲೆ ಇನ್ನೊಮ್ಮೆ ಪರೀಕ್ಷಿಸಬೇಕು. ಜೊತೆಗೆ ಮೂತ್ರಪಿಂಡದ ಶಕ್ತಿ ತಿಳಿಸುವ ಕ್ರಿಯಾಟಿನಿನ್ ಪರೀಕ್ಷೆಯನ್ನೂ ಮಾಡಿಸುವುದು ಒಳ್ಳೆಯದು.

ಇದಕ್ಕೆಲ್ಲ ದೊಡ್ಡ ಖಾಸಗಿ ಆಸ್ಪತ್ರೆಯೇ ಆಗಬೇಕೆಂದಿಲ್ಲ. ಬಾಂದ್ರಾ ಪಶ್ಚಿಮದಲ್ಲಿ ಮಹಾನಗರಪಾಲಿಕೆಯ ಭಾಭಾ ಆಸ್ಪತ್ರೆಯಿದೆ. ಸಾಂತಾಕ್ರೂಜ್ ಪೂರ್ವದಲ್ಲಿ ದೇಸಾಯಿ ಆಸ್ಪತ್ರೆ. ಇನ್ನೂ ದೊಡ್ಡವೆಂದರೆ ಸಾಯನ್ನಿನ ಲೋಕಮಾನ್ಯ ತಿಲಕ್ ಆಸ್ಪತ್ರೆ, ಪರೇಲಿನ ಕೆ.ಇ.ಎಂ. ಇ.ಎಸ್.ಐ. ಕಾರ್ಡು ಇದ್ದವರು ಅದನ್ನು ಪೆಟ್ಟಿಗೆಯಲ್ಲಿಡದೆ ಉಪಯೋಗಿಸಬೇಕು. ಬೆಳಿಗ್ಗೆ ಬೇಗ ಹೋಗಿ ಕೇಸ್ ಪೇಪರ್ ಮಾಡಿಸಿಕೊಂಡರೆ ಒಂದು ರಜೆಯ ದಿನದಲ್ಲಿ ಕೆಲಸ ಮುಗಿದೀತು. ಊರಿಂದ ಹೊಸದಾಗಿ ಬಂದು ಭಾಷೆ ತಿಳಿಯದವರು ಮರಾಠಿಯಲ್ಲಿ "ಪಾಯಾಚಾ ಅಂಗಠಾ ಸುಜಲಾ ಆಹೇ" ಎಂದರೆ, ಹಿಂದಿಯಲ್ಲಿ "ಪೈರ್ ಕಾ ಅಂಗೂಠಾ ಸೂಜ್ ಗಯಾ ಹೈ" ಎಂದರೆ, ಕಾಲಿನ ಹೆಬ್ಬೆರಳು ಊದಿದೆ ಎಂದು ತಿಳಿಯುತ್ತದೆ. ಎಂದು ತೊಡಗಿತು, ಹಿಂದೆ ಎಷ್ಟು ಸಲ ಬಂದಿತ್ತು, ಯಾವ ಮಾತ್ರೆ ನುಂಗಿದ್ದೀರಿ ಎಂಬುದನ್ನು ಒಂದು ಚೀಟಿಯಲ್ಲಿ ಬರೆದುಕೊಂಡು ಹೋಗಿ. ನುಂಗಿದ ಮಾತ್ರೆಯ ಖಾಲಿ ಪಟ್ಟಿಯೇ ಇದ್ದರೆ ಇನ್ನೂ ಒಳ್ಳೆಯದು.

ನೋವು ಬಂದಾಗ

ಕಾಲನ್ನು ದಿಂಬಿನ ಮೇಲೆ ಎತ್ತರಿಸಿ ವಿಶ್ರಾಂತಿ ಕೊಡಿ. ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹದಿನೈದು ಇಪ್ಪತ್ತು ನಿಮಿಷ ಇಟ್ಟು ತೆಗೆಯಿರಿ. ನೀರು ಕುಡಿಯಿರಿ, ನೀರನ್ನು ಮಿತಿಗೊಳಿಸಲು ವೈದ್ಯರು ಹೇಳಿದ್ದರೆ ಅವರ ಮಾತಿನಂತೆ ನಡೆಯಿರಿ. ಬಿಸಿ ಎಣ್ಣೆ ಹಾಕಿ ತಿಕ್ಕುವುದು, ನೀವಿಸುವುದು, ಬೆರಳೆಳೆಯುವುದು ಬೇಡ. ಚಿಕಿತ್ಸೆ ಮೊದಲ ದಿನವೇ ತೊಡಗಿದರೆ ಗುಣ ಬೇಗ.

ಡಾಕ್ಟರರು ಉರಿಯಿಳಿಸುವ ಮಾತ್ರೆ, ಕೋಲ್ಚಿಸಿನ್, ಇಲ್ಲವೆ ಕೆಲವು ದಿನಗಳ ಮಟ್ಟಿಗೆ ಸ್ಟೀರಾಯ್ಡ್, ಇವುಗಳಲ್ಲಿ ರೋಗಿಗೆ ತಕ್ಕದ್ದನ್ನು ಕೊಡುತ್ತಾರೆ. ಮೂತ್ರಪಿಂಡ, ಹೊಟ್ಟೆಹುಣ್ಣು, ರಕ್ತದೊತ್ತಡ, ಸಕ್ಕರೆ ಇವನ್ನು ನೋಡಿ ಆರಿಸಬೇಕಾದ್ದರಿಂದ ಅಂಗಡಿಯವನನ್ನು ಕೇಳಿ ಕೊಳ್ಳುವ ವಸ್ತುಗಳಲ್ಲ ಇವು. ಡೈಕ್ಲೋಫೆನಾಕಿನಂಥ ನೋವಿನ ಮಾತ್ರೆಗಳನ್ನು ವರ್ಷಗಟ್ಟಲೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಮೂತ್ರಪಿಂಡ ಕೆಡಬಹುದು. ಹೆಸರಿಲ್ಲದ "ದೇಸಿ" ಪುಡಿ ಗುಳಿಗೆಗಳಿಂದ ಒಂದೇ ರಾತ್ರಿಯಲ್ಲಿ ನೋವು ಮಾಯವಾದರೆ ಸಂಶಯಪಡಿ. ಇಂಥವುಗಳಲ್ಲಿ ಗುಟ್ಟಾಗಿ ಸ್ಟೀರಾಯ್ಡ್ ಬೆರೆಸಿದ್ದು ಪರೀಕ್ಷೆಗಳಲ್ಲಿ ಸಿಕ್ಕಿಬಿದ್ದಿದೆ.

ಕೋಲ್ಚಿಸಿನ್ ನಮ್ಮ ಊರಿನ ಬೇಲಿಗಳಲ್ಲಿ ಮಳೆಗಾಲಕ್ಕೆ ಕೆಂಪು ಹಳದಿ ಹೂಬಿಡುವ ಅಗ್ನಿಶಿಖೆ ಬಳ್ಳಿಯ ಗೆಡ್ಡೆ ಬೀಜಗಳಲ್ಲಿಯೂ ಇದೆ. ಮರಾಠಿಯಲ್ಲಿ ಇದನ್ನು ಕಳಲಾವಿ ಎನ್ನುತ್ತಾರೆ. ಇದನ್ನು ಕೇಳಿ ಯಾರೂ ಗೆಡ್ಡೆ ಅರೆದು ಕುಡಿಯಬೇಡಿ. ಅದು ಪ್ರಾಣ ತೆಗೆಯುವ ವಿಷ. ಔಷಧಿಗೂ ವಿಷಕ್ಕೂ ಇಲ್ಲಿ ಅಂತರ ಕೂದಲೆಳೆಯಷ್ಟು.

ನೋವು ಇಲ್ಲದಾಗ

ನಿಜವಾದ ಚಿಕಿತ್ಸೆ ಇರುವುದು ಇಲ್ಲಿ. ವರ್ಷಕ್ಕೆ ಎರಡು ಸಲ ಅಥವಾ ಹೆಚ್ಚು ಬರುವವರಿಗೆ, ಗಂಟುಗಳೆದ್ದವರಿಗೆ, ಮೂತ್ರಪಿಂಡದ ತೊಂದರೆ ಅಥವಾ ಕಲ್ಲು ಇದ್ದವರಿಗೆ ಯೂರಿಕ್ ಆಮ್ಲ ಇಳಿಸುವ ಮಾತ್ರೆಯನ್ನು ದಿನವೂ ತೆಗೆದುಕೊಳ್ಳಲು ವೈದ್ಯರು ಹೇಳುತ್ತಾರೆ. ಇವುಗಳಲ್ಲಿ ಮುಖ್ಯವಾದದ್ದು ಅಲೋಪ್ಯೂರಿನಾಲ್. ಜಾರ್ಜ್ ಹಿಚಿಂಗ್ಸ್ ಮತ್ತು ಗರ್ಟ್ರೂಡ್ ಎಲಿಯನ್ ಎಂಬ ವಿಜ್ಞಾನಿಗಳ ಪ್ರಯೋಗಶಾಲೆಯಲ್ಲಿ ರಕ್ತದ ಕ್ಯಾನ್ಸರಿನ ಔಷಧಿಗೆ ಸಹಾಯಕವಾಗಲೆಂದು ಪರೀಕ್ಷಿಸಿದ ವಸ್ತುವಿದು. ೧೯೬೬ರಿಂದ ಗೌಟಿಗೆ ಬಳಕೆಯಲ್ಲಿದೆ. ೧೯೮೮ರಲ್ಲಿ ಅವರಿಬ್ಬರಿಗೂ ನೊಬೆಲ್ ಪಾರಿತೋಷಕ ದೊರೆಯಿತು. ಇದು ಒಗ್ಗದವರಿಗೆ ಫೆಬುಕ್ಸೊಸ್ಟಾಟ್ ಎಂಬ ಇನ್ನೊಂದಿದೆ. ಅಲೋಪ್ಯೂರಿನಾಲ್ ಅಗ್ಗದ ಮಾತ್ರೆ.

ಇದರ ವಿಷಯದಲ್ಲಿ ಮೂರು ಮಾತು ತಿಳಿದಿರಬೇಕು. ಒಂದು, ಸಣ್ಣ ಪ್ರಮಾಣದಿಂದ ತೊಡಗಿ, ರಕ್ತ ಪರೀಕ್ಷಿಸುತ್ತ, ಅಂಕಿ ೬ ಮಿಲಿಗ್ರಾಂಗಿಂತ ಕೆಳಗೆ ಬರುವವರೆಗೆ ಏರಿಸುತ್ತಾರೆ. ಆಮೇಲೆ ಹರಳುಗಳು ಮೆಲ್ಲಗೆ ಕರಗತೊಡಗುತ್ತವೆ. ಅದಕ್ಕೆ ತಿಂಗಳುಗಳು, ವರ್ಷಗಳು ಬೇಕು. ಎರಡು, ಮಾತ್ರೆ ತೊಡಗಿದ ಮೊದಲ ಕೆಲವು ತಿಂಗಳಲ್ಲಿ ನೋವು ಮರುಕಳಿಸುವುದುಂಟು. ಮಾತ್ರೆಯಿಂದಲೇ ಕೆಟ್ಟಿತೆಂದು ಎಸೆಯುವವರು ಬಹಳ. ಅದು ಹರಳು ಕರಗುತ್ತಿರುವ ಗುರುತು. ತಡೆಯಲು ಜೊತೆಗೆ ಬೇರೆ ಮಾತ್ರೆ ಕೊಡುತ್ತಾರೆ. ಮೂರು, ಮೈಮೇಲೆ ದದ್ದು, ಬಾಯಿಹುಣ್ಣು, ಜ್ವರ ಕಂಡರೆ ಮಾತ್ರ ಒಡನೆ ನಿಲ್ಲಿಸಿ ಅದೇ ದಿನ ಡಾಕ್ಟರರನ್ನು ಕಾಣಬೇಕು. ಅಪರೂಪವಾದರೂ ಇದು ಅಪಾಯದ ಚಿಹ್ನೆ.

ಪಥ್ಯ

ಗೌಟ್ ಎಂದೊಡನೆ ನಾಲ್ವರು ನಾಲ್ಕು ಪಥ್ಯ ಹೇಳುತ್ತಾರೆ. ಬೇಳೆ ಬಿಡು, ಪಾಲಕ್ ಬಿಡು, ಮೊಸರು ಬಿಡು. ಕೊನೆಗೆ ಗಂಜಿ ಉಪ್ಪಿನಕಾಯಿ ಉಳಿಯುತ್ತದೆ, ರೋಗವೂ ಉಳಿಯುತ್ತದೆ. ಅಮೆರಿಕದಲ್ಲಿ ೪೭,೧೫೦ ಗಂಡಸರ ಆಹಾರವನ್ನು ೧೨ ವರ್ಷ ಗಮನಿಸಿ ೨೦೦೪ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮಾಂಸ ಮತ್ತು ಮೀನು ಹೆಚ್ಚು ತಿಂದವರಿಗೆ ಗೌಟ್ ಹೆಚ್ಚು ಬಂತು. ಪ್ಯೂರಿನ್ ಇರುವ ಸೊಪ್ಪು ತರಕಾರಿ ತಿಂದವರಿಗೆ ಹೆಚ್ಚಲಿಲ್ಲ. ಹಾಲಿನ ಪದಾರ್ಥ ಬಳಸಿದವರಿಗೆ ಕಡಿಮೆಯಾಯಿತು. ಆದುದರಿಂದ ತೊಗರಿಬೇಳೆಯ ಸಾರು, ಪಲ್ಯ, ಮಜ್ಜಿಗೆ ಇವಕ್ಕೆ ಹೆದರಬೇಕಾದ್ದಿಲ್ಲ. ಕೆನೆ ತೆಗೆದ ಮಜ್ಜಿಗೆ ಒಳ್ಳೆಯದೇ.

ಕಡಿಮೆ ಮಾಡಬೇಕಾದವು: ಕಲೇಜಿ, ಗುರ್ದಾ ಮೊದಲಾದ ಒಳಾಂಗಗಳು, ಕುರಿ ದನ ಹಂದಿಗಳ ಮಾಂಸ, ಬೂತಾಯಿ, ಬಂಗುಡೆ, ಸಿಗಡಿ, ಮರುವಾಯಿ. ಕರಾವಳಿಯವರಿಗೆ ಮೀನು ಬಿಡಿ ಎನ್ನುವುದು ಕಠಿಣ; ಬಿಡಲಾರದವರು ತಟ್ಟೆಯಲ್ಲಿ ತುಂಡು ಕಡಿಮೆ ಮಾಡಲಿ, ನೋವಿನ ದಿನಗಳಲ್ಲಿ ಪೂರ್ತಿ ಬಿಡಲಿ. ಬಿಯರು ಎಲ್ಲಕ್ಕಿಂತ ಕೆಟ್ಟದ್ದು, ವಿಸ್ಕಿ ರಮ್ಮುಗಳೂ ಒಳ್ಳೆಯವಲ್ಲ. ಬಾಟಲಿಯ ಸಿಹಿ ಪಾನೀಯಗಳೂ ಯೂರಿಕ್ ಆಮ್ಲ ಏರಿಸುತ್ತವೆ ಎಂಬುದು ಬಹಳ ಜನರಿಗೆ ತಿಳಿಯದು. ಭಟ್ಟಿಯ ಮುಂದೆ ಬೆವರುವವರು ನೀರಿನ ಬಾಟಲಿಯನ್ನು ಕೈಯಳತೆಯಲ್ಲಿಡಬೇಕು. ನಿರಾಹಾರದ ಕಠಿಣ ಉಪವಾಸವೂ ನೋವನ್ನು ಕೆಣಕಬಹುದು. ತೂಕ ಇಳಿಸುವುದಾದರೆ ನಿಧಾನವಾಗಿ ಇಳಿಸಬೇಕು.

ಆದರೆ ಪಥ್ಯದಿಂದ ರಕ್ತದ ಅಂಕಿ ಇಳಿಯುವುದು ಸುಮಾರು ಒಂದು ಮಿಲಿಗ್ರಾಂನಷ್ಟು ಮಾತ್ರ. ೯ ಇದ್ದವರನ್ನು ಪಥ್ಯವೊಂದೇ ೬ಕ್ಕೆ ತರಲಾರದು. ಅಂಥವರು ಮಾತ್ರೆ ಬಿಟ್ಟು ಬರಿಯ ಪಥ್ಯವನ್ನು ನೆಚ್ಚಿ ಕೂರಬಾರದು.

ನೆನಪಿಡತಕ್ಕ ಮಾತುಗಳು

೧. ಯಾವ ಪೆಟ್ಟೂ ಇಲ್ಲದೆ ರಾತ್ರೋರಾತ್ರಿ ಒಂದು ಕೀಲು ಕೆಂಪಾಗಿ ಊದಿದರೆ ಗೌಟ್ ಇರಬಹುದೆಂದು ನೆನೆಯಿರಿ.

೨. ಚಳಿಜ್ವರ ಜೊತೆಗಿದ್ದರೆ ಅದೇ ದಿನ ಆಸ್ಪತ್ರೆ.

೩. ಎಣ್ಣೆ ಹಾಕಿ ತಿಕ್ಕಬೇಡಿ.

೪. ನೋವಿನ ದಿನದ ರಕ್ತ ಪರೀಕ್ಷೆ ಸರಿಯಾಗಿ ಬಂದರೂ ವಾರಗಳ ಮೇಲೆ ಮತ್ತೆ ಮಾಡಿಸಿ.

೫. ಅಂಗಡಿಯ ನೋವಿನ ಮಾತ್ರೆ ಚಿಕಿತ್ಸೆಯಲ್ಲ.

೬. ನೋವು ಹೋದರೂ ಹರಳು ಹೋಗುವುದಿಲ್ಲ.

ನಮ್ಮ ಮಿತ್ರರು ಈಗ ದಿನವೂ ಮಾತ್ರೆ ತೆಗೆದುಕೊಳ್ಳುತ್ತಾರೆ. ಒಂಬತ್ತು ತಿಂಗಳಿಂದ ಕಾಲು ಊದಿಲ್ಲ. ಭಟ್ಟಿಯ ಕೆಲಸ ಬಿಟ್ಟು ಗಲ್ಲೆಯಲ್ಲಿ ಕೂರುತ್ತಾರೆ. ಕೆಟ್ಟ ಮೂತ್ರಪಿಂಡ ಮೊದಲಿನಂತಾಗುವುದಿಲ್ಲ; ಇನ್ನಷ್ಟು ಕೆಡದಂತೆ ಕಾಯುವುದಷ್ಟೇ ಉಳಿದಿದೆ. "ನೀವು ಬೇಕೆಂದು ಮಾಡಿದ್ದಲ್ಲವಲ್ಲ" ಎಂದು ಅವರು ನಮಗೇ ಸಮಾಧಾನ ಹೇಳುತ್ತಾರೆ. ಆದರೂ ಅಂದು ತಿಕ್ಕಿದ ಎಣ್ಣೆ, ಅಂಗಡಿಯಿಂದ ತಂದುಕೊಟ್ಟ ಆ ಮೊದಲ ಮಾತ್ರೆ ನಮ್ಮ ಮನಸ್ಸಿನಿಂದ ಹೋಗಿಲ್ಲ.

ಊರಿನಿಂದ ದೂರ, ಒಂದೇ ಖೋಲಿಯಲ್ಲಿ ನಾಲ್ಕೈದು ಜನ ಮಲಗುವ ನಮಗೆ ಪಕ್ಕದ ಚಾಪೆಯವನೇ ಬಂಧು, ಪಕ್ಕದ ಚಾಪೆಯವನೇ ವೈದ್ಯ. ನಡುರಾತ್ರಿ ಅವನು ಕಾಲು ಹಿಡಿದುಕೊಂಡು ಎದ್ದು ಕುಳಿತರೆ ಎಣ್ಣೆಯ ಶೀಸೆಯನ್ನು ಹುಡುಕಬೇಡಿ. ಕುಡಿದೆಯಾ ಎಂದೂ ಕೇಳಬೇಡಿ. ಬೆಳಗಾದ ಮೇಲೆ ಅವನ ಜೊತೆ ಆಸ್ಪತ್ರೆಗೆ ಹೋಗಿ ಸಾಲಿನಲ್ಲಿ ನಿಲ್ಲಿ. ಅಂದು ನಾವು ಮಾಡದೆ ಹೋದದ್ದು ಅದೊಂದೇ.